ಏಳನೆಯ ಉಪಾಯ

ಫೆಬ್ರವರಿ 4

ಜೋಪಾನಮ್ಮನವರಿಗೆ,

ಕಾಲು ಹೇಗಿದೆ? ಮೂವತ್ತು ವರ್ಷ ಮರದ ಕಾರ್ಖಾನೆಯಲ್ಲಿ ದುಡಿದು ಒಂದು ಉಗುರನ್ನೂ ಕಳೆದುಕೊಳ್ಳದವಳು ಅಡುಗೆಮನೆಯ ಮೋಟು ಸ್ಟೂಲಿನಿಂದ ಬಿದ್ದು ಕಾಲು ಮುರಿದುಕೊಂಡೆ ಎಂದು ಬರೆದಿದ್ದೀಯ. ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಕ್ಕುಬಿಟ್ಟೆ. ಆಮೇಲೆ ಸ್ವಲ್ಪ ಅಳುವೂ ಬಂತು, ನಂಬು.

ನನ್ನ ಹೊಸ ಫೋನ್ ನಂಬರ್ ಕೇಳಿದ್ದೀಯ. ಕೊಡುವುದಿಲ್ಲ. ಹಳೆಯ ನಂಬರಿಗೆ ನೀನು ದಿನಕ್ಕೆ ಒಂಬತ್ತು ಸಲ ಮಾಡುತ್ತಿದ್ದೆ. ಗರಗಸ ಓಡುವಾಗ ಫೋನ್ ಬಂದರೆ ಎತ್ತಬೇಡ ಎಂದು ಹೇಳುವುದಕ್ಕೇ ಫೋನ್ ಮಾಡಿದ್ದೆ, ಗರಗಸ ಓಡುವಾಗ. ನಮ್ಮಿಬ್ಬರಿಗೂ ಕಾಗದವೇ ಸರಿ. ಬರಲು ನಾಲ್ಕು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಬರೆದವಳ ಕೋಪವಾದರೂ ಇಳಿದಿರುತ್ತದೆ.

ಈಗ ಕೆಲಸದ ಮಾತು. ಇಲ್ಲಿನ ವಾಚನಾಲಯಕ್ಕೆ ಇಪ್ಪತ್ತನಾಲ್ಕು ಸ್ಟೂಲು ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಮಾರ್ಚ್ ಕೊನೆಗೆ ಕೊಡಬೇಕು. ಹಗಲೆಲ್ಲ ಕಚೇರಿ, ಮನೆಯ ಹಿಂದಿನ ಶೆಡ್ಡಿನಲ್ಲಿ ಸಂಜೆ ಸಿಗುವುದು ಎರಡೇ ಗಂಟೆ. ಸಮಯ ಉಳಿಸುವ ಕೈಚಳಕಗಳೆಲ್ಲ ನಿನ್ನ ಹತ್ತಿರ ಇವೆ ಎಂದು ಗೊತ್ತು. ಬರೆದು ಕಳಿಸು. ಆದರೆ ಒಂದು ಷರತ್ತು: ಉಪಾಯ ಮಾತ್ರ, ಎಚ್ಚರಿಕೆ ಬೇಡ. ಸ್ಕ್ರೂಗೆ ಸೋಪು ಸವರುವುದನ್ನು ಹೇಳಲು ಕಳೆದ ಸಲ ನೀನು ಮೂರು ಪುಟ ತೆಗೆದುಕೊಂಡೆ. ಅದರಲ್ಲಿ ಎರಡೂವರೆ ಪುಟ ಕಣ್ಣು ಕಳೆದುಕೊಂಡವರ ಕಥೆ. ನಿನಗೆ ಹೆದರಿ ಹೆದರಿ ಇಪ್ಪತ್ತೆರಡು ವರ್ಷವಾಗುವವರೆಗೆ ನಾನು ಉಳಿ ಮುಟ್ಟಲಿಲ್ಲ ಎನ್ನುವುದು ನೆನಪಿರಲಿ.

ನಿನ್ನ ಗಡಿಬಿಡಿ


ಫೆಬ್ರವರಿ 10

ಗಡಿಬಿಡಿಗೆ,

ಷರತ್ತು ಒಪ್ಪಿದೆ. ಮೊದಲು ಅಭ್ಯಾಸಬಲದಿಂದ ಆರು ಪುಟ ಬರೆದೆ. ಆಮೇಲೆ ಕೆಂಪು ಪೆನ್ನು ಹಿಡಿದು, ನೀನು ಮುಖ ಸಿಂಡರಿಸುವಂಥ ಸಾಲುಗಳನ್ನೆಲ್ಲ ಹೊಡೆದುಹಾಕಿದೆ. ಹೊಸದಾಗಿ ನಕಲು ಮಾಡಿದ್ದು ಇಷ್ಟು.

ಒಂದು. ತೊಂಬತ್ತಾರು ಕಾಲುಗಳನ್ನೂ ಒಂದೊಂದಾಗಿ ಅಳೆಯುತ್ತ ಕೂರಬೇಡ. ಬೇಕಾದ ಉದ್ದಕ್ಕೆ ಸರಿಯಾಗಿ ಗರಗಸದ ಮೇಜಿನ ಮೇಲೆ ಒಂದು ಮರದ ತುಂಡನ್ನು ಬಿಗಿ. ಪ್ರತಿ ಕಾಲನ್ನೂ ಅದಕ್ಕೆ ತಾಗಿಸಿ ಕೊಯ್ಯಿ. ಅಳತೆ ಒಂದೇ ಸಲ.

ಎರಡು. ತೂತು ಎಷ್ಟು ಆಳ ಬೇಕೋ ಅಷ್ಟಕ್ಕೆ ಡ್ರಿಲ್ಲಿನ ಮೊನೆಗೆ ಅಂಟುಪಟ್ಟಿ ಸುತ್ತು. ಪಟ್ಟಿ ಮರಕ್ಕೆ ತಾಗಿತೆಂದರೆ ನಿಲ್ಲಿಸು.

ಮೂರು. ಜೋಡಿಸುವ ಮೊದಲೇ ಉಜ್ಜು. ಜೋಡಿಸಿದ ಮೇಲೆ ಮೂಲೆಗೆ ಬೆರಳು ತೂರಿಸಿ ಉಜ್ಜುತ್ತ ಕೂತರೆ ನಿನ್ನ ಎರಡು ಗಂಟೆ ಅಲ್ಲೇ ಮುಗಿಯುತ್ತದೆ.

ನಾಲ್ಕು. ಉಜ್ಜುವ ಮುಂಚೆ ಹಲಗೆಯ ಮೇಲೆಲ್ಲ ಪೆನ್ಸಿಲಿನಿಂದ ಗೀಚು. ಗೀಚಿದ್ದು ಮಾಯವಾದರೆ ಸಾಕು, ಇನ್ನೂ ಉಜ್ಜುವುದು ಬರೀ ಚಪಲ.

ಐದು. ಅಂಟು ಹಾಕುವ ಮೊದಲು ಜೋಡಣೆಯ ಎರಡೂ ಅಂಚಿಗೆ ಕಾಗದದ ಪಟ್ಟಿ ಹಚ್ಚು. ಒತ್ತಿದಾಗ ಉಕ್ಕಿದ ಅಂಟು ಅದರ ಮೇಲೆ ಕೂರುತ್ತದೆ, ಪಟ್ಟಿ ಕಿತ್ತರೆ ಅಂಟೂ ಹೋಯಿತು.

ಆರು. ಸೋಪು. (ನೋಡು, ಒಂದೇ ಪದ.)

ಏಳು. ಹೊಳಪಿಗೆಂದು ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಎಸೆಯಬೇಡ. ಎಲ್ಲವನ್ನೂ ಒಟ್ಟಿಗೆ ಮುದ್ದೆ ಕಟ್ಟಿ ಇಟ್ಟುಕೋ. ಮರುದಿನ ಹೊಸ ಬಟ್ಟೆ ಹರಿಯುವುದು, ನೆನೆಸುವುದು ಎರಡೂ ತಪ್ಪುತ್ತವೆ. ಎಣ್ಣೆಯೂ ಅರ್ಧ ಸಾಕು.

ಒಂದೂವರೆ ಪುಟದಲ್ಲಿ ಮುಗಿಸಿದ್ದೇನೆ. ನನಗೇ ನಂಬಿಕೆ ಬರುತ್ತಿಲ್ಲ.

ಅಮ್ಮ


ಫೆಬ್ರವರಿ 19

ಅಮ್ಮಾ,

ನೀನು ಚಿನ್ನ. ಕಾಲುಗಳೆಲ್ಲ ಎರಡೇ ಸಂಜೆಗೆ ಕೊಯ್ದು ಮುಗಿದವು. ಪೆನ್ಸಿಲ್ ಗೀಚುವುದಂತೂ ಎಷ್ಟು ಸುಲಭ, ಇಷ್ಟು ವರ್ಷ ಯಾಕೆ ಮುಚ್ಚಿಟ್ಟಿದ್ದೆ?

ನಿನ್ನ ಏಳು ಉಪಾಯಗಳು ಇಲ್ಲಿ ಹೆಸರು ಮಾಡಿಬಿಟ್ಟಿವೆ. ನಮ್ಮದೊಂದು ಗುಂಪಿದೆ, ಭಾನುವಾರದ ಬಡಗಿಗಳು ಅಂತ ನಾವೇ ಹೆಸರಿಟ್ಟುಕೊಂಡಿದ್ದೇವೆ. ನಾನು, ಒಬ್ಬರು ಹಲ್ಲಿನ ಡಾಕ್ಟರು, ಒಬ್ಬ ಬಸ್ ಕಂಡಕ್ಟರ್, ಒಬ್ಬ ದರ್ಜಿ ಅಕ್ಕ, ಮತ್ತೆ ನಿವೃತ್ತರಾದ ಲೆಕ್ಕದ ಮೇಷ್ಟ್ರು. ಎಲ್ಲರಿಗೂ ಮನೆಯಲ್ಲೇ ಒಂದೊಂದು ಮೂಲೆ, ಒಂದೊಂದು ಗರಗಸ. ನಿನ್ನ ಕಾಗದವನ್ನು ನಾಲ್ಕು ಪ್ರತಿ ನಕಲು ಮಾಡಿ ಹಂಚಿದೆ. ಮೇಷ್ಟ್ರು ಅದನ್ನು ಗೋಡೆಗೆ ಅಂಟಿಸಿಕೊಂಡಿದ್ದಾರೆ. "ನಿಮ್ಮಮ್ಮ ಲೆಕ್ಕದ ಪಾಠ ಮಾಡಬೇಕಿತ್ತು ಕಣಮ್ಮ, ಒಂದು ಮಾತೂ ಹೆಚ್ಚಿಲ್ಲ" ಎಂದರು. ನಿನ್ನ ಬಗ್ಗೆ ಯಾರಾದರೂ ಹಾಗೆ ಹೇಳಿದ್ದು ಇದೇ ಮೊದಲು ಇರಬೇಕು.

ಬರುವ ವಾರ ಎಣ್ಣೆ ಹಚ್ಚಲು ಶುರು ಮಾಡುತ್ತೇನೆ. ಅಂಗಡಿಯವನು ಬಿಡಿ ಅಗಸೆ ಎಣ್ಣೆಯನ್ನು ಹಳೆಯ ಬಾಟಲಿಗೆ ತುಂಬಿ ಕೊಟ್ಟ. ಎಲ್ಲರೂ ಒಟ್ಟಿಗೇ ಕೊಂಡೆವು.

ಗಡಿಬಿಡಿ


ಫೆಬ್ರವರಿ 23, ತುರ್ತು ಅಂಚೆ

ಮಗಳೇ,

ನಿಂತಲ್ಲೇ ಓದು. ಈ ಪ್ಯಾರಾ ಓದಿ ಶೆಡ್ಡಿಗೆ ಓಡು. ಎಣ್ಣೆ ಬಟ್ಟೆಯ ಮುದ್ದೆ ಇದ್ದರೆ ಹೊರಗೆ ಒಯ್ದು ಬಿಡಿಸಿ, ಒಂದೊಂದನ್ನೇ ಹಗ್ಗದ ಮೇಲೆ ಹರವು. ಬಿಸಿಯಾಗಿದ್ದರೆ ಬಿಡಿಸಲು ಹೋಗಬೇಡ, ಸೀದಾ ಬಕೆಟ್ ನೀರಿನಲ್ಲಿ ಮುಳುಗಿಸು. ಆಮೇಲೆ ಬಂದು ಉಳಿದದ್ದು ಓದು.

ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಹರವಿದ ಬಟ್ಟೆಯಲ್ಲಿ ಆ ಕಾವು ಗಾಳಿಗೆ ಹೋಗುತ್ತದೆ. ಮುದ್ದೆಯಲ್ಲಿ ಹೋಗಲು ದಾರಿಯಿಲ್ಲ, ಒಳಗೊಳಗೇ ಏರುತ್ತದೆ. ಕಡ್ಡಿ ಗೀರಬೇಕಿಲ್ಲ, ಕಿಡಿ ಬೇಕಿಲ್ಲ, ಹತ್ತಿರ ಯಾರೂ ಇರಬೇಕಿಲ್ಲ. ಕೆಲವೇ ಗಂಟೆಗಳಲ್ಲಿ ತಾನಾಗಿ ಹೊತ್ತಿಕೊಳ್ಳುತ್ತದೆ. ನಾನು ಮುದ್ದೆ ಇಡುವುದು ಗಾಳಿ ಆಡದಂತೆ ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿ, ಅದೂ ಒಂದೇ ದಿನಕ್ಕೆ. ಅದನ್ನು ಬರೆದಿದ್ದೆ. ಕೆಂಪು ಪೆನ್ನಿನಲ್ಲಿ ಹೊಡೆದದ್ದೂ ನಾನೇ.

ಓದುವವಳು ನೀನೊಬ್ಬಳೇ ಅಂದುಕೊಂಡಿದ್ದೆ. ನೀನು ನಾಲ್ಕು ಜನರಿಗೆ ಹಂಚಿದ್ದೀಯ. ಅವರ ಮನೆಗಳಿಗೂ ಹೋಗು. ಇವತ್ತೇ ಹೋಗು.

ಒಂದು ಸಾಲು ಉತ್ತರ ಬರೆ. "ನೋಡಿದೆ" ಎಂದು ಬರೆದರೆ ಸಾಕು.

ಅಮ್ಮ


ಫೆಬ್ರವರಿ 27, ತುರ್ತು ಅಂಚೆ

ಮಗಳೇ,

ಉತ್ತರವಿಲ್ಲ. ತುರ್ತು ಅಂಚೆ ಎರಡು ದಿನದ್ದು ಎಂದು ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವಳು ಆಣೆ ಮಾಡಿ ಹೇಳಿದ್ದಳಂತೆ. ಇವತ್ತು ಪಕ್ಕದ ಮನೆಯವಳ ಕೈಲಿ ಮತ್ತೆ ಕೇಳಿಸಿದರೆ, "ಅಜ್ಜಿಗೆ ಹೇಳಿ, ತಲುಪಿರತ್ತೆ, ನೆಮ್ಮದಿಯಾಗಿರ್ಲಿ" ಎಂದಳಂತೆ. ತಲುಪಿದ್ದರೆ ಉತ್ತರ ಯಾಕಿಲ್ಲ ಎನ್ನುವುದೇ ನನ್ನ ಭಯ.

ನಿನ್ನ ಕಚೇರಿಯ ಹೆಸರು ಕೂಡ ನನಗೆ ಗೊತ್ತಿಲ್ಲ. ಕೇಳಿದಾಗಲೆಲ್ಲ ನೀನು, "ಹೇಳಿದರೆ ಅಲ್ಲಿಗೂ ಫೋನ್ ಮಾಡ್ತೀಯ" ಎನ್ನುತ್ತಿದ್ದೆ. ನಾನು ಮಾಡಿಯೇ ಮಾಡುತ್ತಿದ್ದೆ, ನಿಜ. ಕಾಲಿನ ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರವಿದೆ. ಪಕ್ಕದ ಮನೆಯವಳನ್ನು ಕರೆದು, ಪ್ಲಾಸ್ಟರ್ ಇದ್ದರೂ ಬಸ್ ಹತ್ತಬಹುದೇ ಎಂದು ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಬೆಳಗ್ಗೆ ಹಾಲು ಕಾಯಿಸಲು ಒಲೆ ಹಚ್ಚಲಿಕ್ಕೂ ಆಗಲಿಲ್ಲ. ತಣ್ಣಗೇ ಕುಡಿದೆ.

ಅಮ್ಮ


ಮಾರ್ಚ್ 2

ಅಮ್ಮಾ,

ನೋಡಿದೆ.

ಕಚೇರಿ ಕೆಲಸದ ಮೇಲೆ ಐದು ದಿನ ಬೇರೆ ಊರಿಗೆ ಹೋಗಿದ್ದೆ. ನಿನಗೆ ಹೇಳಿರಲಿಲ್ಲ, ಹೇಳಿದರೆ ನೀನು ಬಸ್ಸಿನ ಬ್ರೇಕಿನ ಬಗ್ಗೆ ಬರೆಯುತ್ತಿದ್ದೆ. ನಿನ್ನೆ ಬೆಳಗ್ಗೆ ಬಂದವಳೇ ಎರಡು ಸ್ಟೂಲಿಗೆ ಎಣ್ಣೆ ಹಚ್ಚಿ, ಬಟ್ಟೆಗಳನ್ನು ಮುದ್ದೆ ಕಟ್ಟಿ, ಮರದ ಹೊಟ್ಟಿನ ಚೀಲದ ಮೇಲೆ ಇಟ್ಟೆ. ಆಮೇಲೆ ಬಾಗಿಲ ಬಳಿ ಬಿದ್ದಿದ್ದ ಕಾಗದಗಳನ್ನು ಎತ್ತಿಕೊಂಡು, ಕಾಫಿ ಕುಡಿದು, ಸ್ನಾನ ಮಾಡಿ, ಮಧ್ಯಾಹ್ನ ಊಟ ಮಾಡುತ್ತ ನಿನ್ನದನ್ನು ಒಡೆದೆ. ನಿನ್ನ ಕಾಗದವೆಂದು ಗೊತ್ತಿದ್ದೇ ತಡ ಮಾಡಿದೆ. ಬೈಗುಳ ಇರುತ್ತದೆ ಎಂದುಕೊಂಡಿದ್ದೆ.

ಶೆಡ್ಡಿನಲ್ಲಿ ಏನೂ ಆಗಿರಲಿಲ್ಲ. ನಿನ್ನದು ಎಂದಿನ ಪುರಾಣ ಎಂದುಕೊಂಡು ಮುದ್ದೆ ಎತ್ತಿದೆ. ಹೊರಗೆ ಬೆಚ್ಚಗಿತ್ತು. ಒಳಗೆ ಬೆರಳು ಹಾಕಿದೆ, ಹಾಕಿದ ಬೆರಳನ್ನು ಹಾಗೇ ಕಿತ್ತುಕೊಂಡೆ. ನೀರಿಗೆ ಹಾಕಿದಾಗ ಚುಂಯ್ ಎಂದಿತು. ಅಮ್ಮಾ, ಕಿಟಕಿ ಮುಚ್ಚಿತ್ತು, ಒಂದು ಕಡ್ಡಿಪೆಟ್ಟಿಗೆಯೂ ಅಲ್ಲಿಲ್ಲ.

ಆಗಲೇ ಎಲ್ಲರ ಮನೆಗೂ ಹೋದೆ. ಡಾಕ್ಟರು ಎಣ್ಣೆಯನ್ನೇ ತೆರೆದಿರಲಿಲ್ಲ. ಕಂಡಕ್ಟರ್ ಬಟ್ಟೆ ಎಸೆದುಬಿಟ್ಟಿದ್ದ. ದರ್ಜಿ ಅಕ್ಕನ ಮುದ್ದೆ ಮಂಚದ ಕೆಳಗಿತ್ತು, ತಣ್ಣಗಿತ್ತು, ನನ್ನ ಮುಖ ನೋಡಿ ಅವರೇ ಬೆವತರು. ಮೇಷ್ಟ್ರ ಮನೆಗೆ ಬೀಗ. ತಂಗಿಯ ಊರಿಗೆ ಹೋಗಿದ್ದಾರಂತೆ. ಒಂದು ಚೀಟಿ ಬರೆದು ಅವರ ಬಾಗಿಲ ಪತ್ರಿಕೆ ಬುಟ್ಟಿಯಲ್ಲಿ ಹಾಕಿ ಬಂದಿದ್ದೇನೆ. ಅವರು ಹೊಸ ಶೆಡ್ಡು ಕಟ್ಟಿಸಿ, ಹೊಸ ವೈರಿಂಗ್ ಮಾಡಿಸಿ ತಿಂಗಳೂ ಆಗಿಲ್ಲ, ಇನ್ನೂ ಎಣ್ಣೆಯವರೆಗೆ ಬಂದಿರಲಾರರು.

ಒಂದು ಕೇಳುತ್ತೇನೆ. ಇದು ನಿನಗೆ ಹೇಗೆ ಗೊತ್ತು? ಇಲ್ಲಿ ಇಂಥದ್ದನ್ನು ಒಬ್ಬರೂ ಕೇಳಿದವರಿಲ್ಲ.

ನಿನ್ನ ಮಗಳು


ಮಾರ್ಚ್ 7

ಮಗಳೇ,

"ನೋಡಿದೆ" ಎನ್ನುವುದನ್ನು ಓದಿ, ಎದ್ದು ಒಲೆ ಹಚ್ಚಿ ಹಾಲು ಕಾಯಿಸಿದೆ. ಈಗ ನೀನು ಕೇಳಿದ್ದಕ್ಕೆ ಉತ್ತರ.

ನಿನಗೆ ಆಗ ಏಳು ತಿಂಗಳು. ನಿನ್ನಪ್ಪ ಹೋಗಿ ನಾಲ್ಕು ತಿಂಗಳು. ಕಾರ್ಖಾನೆಯಲ್ಲಿ ಒಂಬತ್ತು ಬೀರು ಆ ಶನಿವಾರ ಹೊರಡಬೇಕಿತ್ತು. ಎಣ್ಣೆ ಬಟ್ಟೆಗಳನ್ನು ಹಿತ್ತಲ ಹಗ್ಗಕ್ಕೆ ಹರವುವುದು ಅಲ್ಲಿನ ಪದ್ಧತಿ. ಯಾಕೆಂದು ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾನು ನಿನಗೆ ಹಾಲು ಕೊಡಲು ಓಡಬೇಕಿತ್ತು. ಹಿತ್ತಲಿಗೆ ಹೋಗಿ ಬರುವ ಐದು ನಿಮಿಷ ಉಳಿಯಲಿ ಎಂದು ಬಟ್ಟೆಗಳನ್ನೆಲ್ಲ ಮುದ್ದೆ ಮಾಡಿ ಪಾಲಿಶ್ ಮೇಜಿನ ಕೆಳಗೆ ತುರುಕಿ ಬಂದೆ. ನಾಲ್ಕಕ್ಕೆ ಹೊರಟೆ. ಆರಕ್ಕೆಲ್ಲ ಪಾಲಿಶ್ ಕೋಣೆ ಬೆಂಕಿಗೆ ಹೋಗಿತ್ತು.

ಆ ಮೇಜಿನ ಬಳಿ ಕೂರುತ್ತಿದ್ದವರು ಪಾಲಿಶ್ ಮಾಡುವ ಅಣ್ಣ. ಅವರಿಗೆ ಸಿಗರೇಟಿನ ಚಟ. ಬೇರೆ ಕಾರಣ ಯಾರಿಗೂ ಬೇಕಾಗಲಿಲ್ಲ. ಸೋಮವಾರವೇ ಅವರನ್ನು ಕೆಲಸದಿಂದ ತೆಗೆದರು. ನಾನೂ ಸಿಗರೇಟೇ ಎಂದು ನಂಬಿದ್ದೆ, ಆಣೆಗೂ ನಂಬಿದ್ದೆ.

ಮೂರು ವಾರ ಕಳೆದ ಮೇಲೆ ಮನೆಯಲ್ಲಿ ನಿನ್ನ ತೊಟ್ಟಿಲಿಗೆ ಎಣ್ಣೆ ಹಚ್ಚಿದೆ. ಬಟ್ಟೆ ಮುದ್ದೆ ಮಾಡಿ ತೊಟ್ಟಿಲ ಕೆಳಗೇ ಇಟ್ಟು, ನಿನ್ನನ್ನು ಮಲಗಿಸಿ, ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಿನ್ನನ್ನು ಎತ್ತಿಕೊಳ್ಳಲು ಬಗ್ಗಿದಾಗ ಸುಟ್ಟ ವಾಸನೆ. ಕೈ ಹಾಕಿದರೆ ಚುರ್ರೆಂದಿತು. ತೆಳ್ಳಗೆ ಹೊಗೆ ಏಳುತ್ತಿತ್ತು. ಕಾರ್ಖಾನೆಯಲ್ಲಿ ಏನಾಗಿತ್ತು ಎಂದು ಆವತ್ತು ತಿಳಿಯಿತು. ಆವತ್ತಿನಿಂದಲೇ ನಾನು ಜೋಪಾನಮ್ಮ.

ಯಾರಿಗೂ ಹೇಳಲಿಲ್ಲ. ನಾಳೆ ಹೇಳುತ್ತೇನೆ, ನಿನಗೆ ಒಂದು ವರ್ಷ ತುಂಬಲಿ, ಕೆಲಸ ಕಾಯಂ ಆಗಲಿ ಎಂದುಕೊಂಡೇ ಇಪ್ಪತ್ತೆಂಟು ವರ್ಷ ಹೋಯಿತು.

ಕೆಂಪು ಪೆನ್ನಿನ ವಿಷಯವನ್ನೂ ಹೇಳಿಬಿಡುತ್ತೇನೆ. ಉಳಿದ ಆರು ಎಚ್ಚರಿಕೆಗಳಲ್ಲಿ ಒಂದೊಂದನ್ನೂ ಮತ್ತೆ ಮತ್ತೆ ಓದಿ ಹೊಡೆದೆ. ಏಳನೆಯದನ್ನು ಒಂದೇ ಗೀಟಿಗೆ ಹೊಡೆದುಹಾಕಿದೆ. ಅದನ್ನು ಬರೆದರೆ ನೀನು ಹೇಗೆ ಗೊತ್ತು ಎಂದು ಕೇಳುತ್ತೀಯ. ಬರೆಯದಿರಲು ನೀನೇ ಅಪ್ಪಣೆ ಕೊಟ್ಟಿದ್ದೆ. ನನಗೆ ಒಳಗೊಳಗೇ ಖುಷಿಯಾಯಿತು ಮಗಳೇ. ಆ ಖುಷಿಗೆ ನಿನ್ನ ಪ್ರಾಣ ಹೋಗುತ್ತಿತ್ತು.

ಮೇಷ್ಟ್ರ ಮನೆಗೆ ಇನ್ನೊಮ್ಮೆ ಹೋಗು. ಚೀಟಿಯನ್ನು ನಂಬಬೇಡ.

ಅಮ್ಮ


ಮಾರ್ಚ್ 19

ಅಮ್ಮಾ,

ನಿನ್ನ ಕಾಗದ ಬಂದು ಎಂಟು ದಿನವಾಗಿದೆ. ಮೊದಲ ಎರಡು ದಿನ ನಿನ್ನ ಮೇಲೆ ಕೋಪ ಮಾಡಿಕೊಂಡೆ. ಮೂರನೆಯ ದಿನ ಸ್ಟೂಲುಗಳ ಕೆಲಸವಿತ್ತು. ಮೇಷ್ಟ್ರು ಊರಿಂದ ಬಂದಿದ್ದಾರೆಂದು ಯಾರೋ ಹೇಳಿದರು. ಚೀಟಿ ನೋಡಿರುತ್ತಾರೆ, ಭಾನುವಾರ ಹೇಗೂ ಸಿಗುತ್ತಾರಲ್ಲ ಎಂದುಕೊಂಡೆ.

ಶನಿವಾರ ಮಧ್ಯಾಹ್ನ ಅವರ ಶೆಡ್ಡು ಸುಟ್ಟುಹೋಯಿತು. ಬೆಳಗ್ಗೆ ಪುಸ್ತಕದ ಕಪಾಟಿಗೆ ಎಣ್ಣೆ ಹಚ್ಚಿ, ಬೀಗ ಹಾಕಿ, ಊಟ ಮಾಡಿ ಮಲಗಿದ್ದರಂತೆ. ಗಾಜು ಸಿಡಿದ ಸದ್ದಿಗೆ ಎದ್ದಿದ್ದಾರೆ. ಬೀಗ ತೆಗೆಯಲು ಹೋಗಿ ಎರಡೂ ಅಂಗೈ ಸುಟ್ಟಿವೆ. ಜೀವಕ್ಕೆ ಏನೂ ಇಲ್ಲ. ಶೆಡ್ಡಿಗೆ ಅಂಟಿಕೊಂಡಿರುವ ಮಲಗುವ ಕೋಣೆಯ ಗೋಡೆ ಪೂರಾ ಕಪ್ಪಾಗಿದೆ. ಇನ್ನು ಹತ್ತು ನಿಮಿಷ ಮಲಗಿದ್ದರೆ ಎನ್ನುತ್ತಾರೆ ಎಲ್ಲರೂ.

ನಾನು ಓಡಿ ಹೋದಾಗ ಜಗಲಿಯಲ್ಲಿ ಪತ್ರಿಕೆ ಬುಟ್ಟಿ ಹಾಗೇ ಇತ್ತು. ಹತ್ತು ದಿನದ ಪತ್ರಿಕೆ, ಅದರ ಕೆಳಗೆ ನನ್ನ ಚೀಟಿ, ಮಡಚಿದ್ದು ಬಿಚ್ಚಿರಲಿಲ್ಲ. ಎಲ್ಲರೂ ಶೆಡ್ಡಿನ ಕಡೆ ಇದ್ದರು. ನಾನು ಅದನ್ನು ತೆಗೆದು ಬ್ಯಾಗಿನಲ್ಲಿ ಹಾಕಿಕೊಂಡೆ. ಯಾಕೆ ಹಾಗೆ ಮಾಡಿದೆ ಎಂದು ನನಗೇ ಗೊತ್ತಿಲ್ಲ. ಗೊತ್ತು, ಬರೆಯಲಾಗುತ್ತಿಲ್ಲ. ಗೋಡೆಗೆ ಅಂಟಿಸಿದ್ದ ಏಳು ಉಪಾಯಗಳೂ ಸುಟ್ಟುಹೋಗಿವೆ.

ಎಲ್ಲರೂ ವೈರಿಂಗ್ ಎನ್ನುತ್ತಿದ್ದಾರೆ. ಅದನ್ನು ಮಾಡಿದ ಎಲೆಕ್ಟ್ರಿಷಿಯನ್ ನಮ್ಮ ಪಕ್ಕದ ಬೀದಿಯವನು, ಎರಡು ಮಕ್ಕಳ ತಂದೆ. ಅವನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿಕೊಂಡು ಕೇಳಿದರು. "ಎಲ್ಲಾ ಸ್ಕ್ರೂನೂ ಬಿಗಿದಿದೀನಿ ಸಾರ್, ಒಂದೊಂದನ್ನೂ ಎರಡೆರಡು ಸಲ ನೋಡಿದೀನಿ" ಎಂದು ಮತ್ತೆ ಮತ್ತೆ ಹೇಳುತ್ತಿದ್ದ. ಮೇಷ್ಟ್ರು ಬ್ಯಾಂಡೇಜು ಸುತ್ತಿದ ಕೈ ಎತ್ತಿ, "ಇದನ್ನು ನೋಡಪ್ಪಾ" ಎಂದಷ್ಟೇ ಹೇಳಿದರು. ಅವನು ತಲೆ ತಗ್ಗಿಸಿದ. ಎದುರುಮನೆಯವರು ಅವನಿಗೆ ಕೊಟ್ಟಿದ್ದ ಕೆಲಸವನ್ನು ಆಗಲೇ ಬೇರೆಯವನಿಗೆ ಕೊಟ್ಟಿದ್ದಾರೆ.

ನಾನು ಅಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಹೇಳಿದರೆ ಮೇಷ್ಟ್ರು ನನ್ನ ಮುಖ ನೋಡುತ್ತಾರಾ? ಪೊಲೀಸರು ಬರುತ್ತಾರಾ? ಕಚೇರಿಯಲ್ಲಿ ಗೊತ್ತಾದರೆ? ದಿನವೂ ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತೇನೆ. ಹೀಗೆಂದುಕೊಂಡಾಗಲೆಲ್ಲ ನಿನ್ನ ಕಾಗದದ ಆ ಇಪ್ಪತ್ತೆಂಟು ವರ್ಷದ ಸಾಲು ಕಣ್ಣ ಮುಂದೆ ಬರುತ್ತದೆ. ಇಷ್ಟು ಹೆದರಿಕೆ ನನ್ನೊಳಗಿತ್ತು ಎಂದು ನನಗೆ ಗೊತ್ತಿರಲಿಲ್ಲ ಅಮ್ಮಾ.

ನಾನೇನು ಮಾಡಲಿ ಹೇಳು. ನೀನು ಸುಮ್ಮನಿರು ಎಂದರೆ ಸುಮ್ಮನಿರುತ್ತೇನೆ.

ನಿನ್ನ ಮಗಳು


ಮಾರ್ಚ್ 24, ತುರ್ತು ಅಂಚೆ

ಮಗಳೇ,

ನಿನ್ನ ಕಾಗದ ನಿನ್ನೆ ಬೆಳಗ್ಗೆ ಬಂತು. ಕೊನೆಯ ಸಾಲು ಓದಿದಾಗ ನನ್ನ ಬಾಯಿಗೆ ಮೊದಲು ಬಂದ ಮಾತು "ಸುಮ್ಮನಿರು" ಎನ್ನುವುದೇ. ಅದನ್ನು ಬರೆದೂ ಬಿಟ್ಟಿದ್ದೆ. ಆ ಹಾಳೆಯನ್ನು ಹರಿದು, ಕೋಲು ಹಿಡಿದುಕೊಂಡು ಆಟೋ ಹತ್ತಿ ಪಾಲಿಶ್ ಅಣ್ಣನ ಮನೆ ಹುಡುಕಿಕೊಂಡು ಹೋದೆ. ದಾರಿಯಲ್ಲಿ ಎರಡು ಸಲ ಆಟೋ ತಿರುಗಿಸಲು ಹೇಳಿದೆ. ಎರಡನೆಯ ಸಲ ಆಟೋದವನು, "ಅಮ್ಮಾ, ಒಂದು ಕಡೆ ಗಟ್ಟಿ ಮಾಡ್ಕೊಳ್ಳಿ" ಎಂದ.

ಅಣ್ಣ ಮಗಳ ಮನೆಯಲ್ಲಿದ್ದಾರೆ. ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ಗುರುತು ಸಿಕ್ಕಿತು, ನಕ್ಕರು. ಮೆಲ್ಲಗೆ ಹೇಳಿ ಮುಗಿಸಿ ಬಂದುಬಿಡಬೇಕು ಎಂದುಕೊಂಡು ಹೋಗಿದ್ದೆ. ಆದರೆ ಅವರಿಗೆ ಕಿವಿ ಪೂರ್ತಿ ಮಂದವಾಗಿದೆ. ಹೇಳಿದೆ, ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದೆ, ಕೈಯನ್ನು ಕಿವಿಗೆ ಹಿಡಿದು "ಆಂ?" ಎಂದರು. ಕೊನೆಗೆ ಆ ಬೀದಿಯಲ್ಲಿ ನಿಂತು ಕಿರುಚಬೇಕಾಯಿತು. "ಬೆಂಕಿ ಹತ್ತಿದ್ದು ನಿಮ್ಮ ಸಿಗರೇಟಿನಿಂದ ಅಲ್ಲ, ಎಣ್ಣೆ ಬಟ್ಟೆ ಮುದ್ದೆ ಮಾಡಿ ಇಟ್ಟಿದ್ದು ನಾನು!" ಎದುರುಮನೆಯ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತಳು. ಒಳಗಿಂದ ಅವರ ಮಗಳು ಬಂದಳು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ. "ಹಾಗಾದ್ರೆ ಅದು ನನ್ನಿಂದ ಆಗಿದ್ದಲ್ವಾ?" ಎಂದು ಕೇಳಿದರು. ಆಮೇಲೆ ಹೇಳಿದರು: "ಸಿಗರೇಟು ಆರಿಸಿಯೇ ಹೋಗಿದ್ದೆ ಅಂತ ನನಗೆ ನೆನಪಿತ್ತು. ಎಲ್ರೂ ಹೇಳಿದ ಮೇಲೆ, ಆರಿಸಿರ್ಲಿಲ್ವೇನೋ ಅನ್ನಿಸ್ತು. ಒಂದು ವರ್ಷ ಆಗೋ ಹೊತ್ತಿಗೆ, ಅದು ಮೇಜಿನ ತುದೀಲಿ ಉರೀತಾ ಇದ್ದಿದ್ದು ಕಣ್ಣಿಗೆ ಕಾಣೋಕೆ ಶುರುವಾಯ್ತು. ಆಮೇಲೆ ಯಾರಾದ್ರೂ ಕೆಲಸ ಕೊಡ್ತೀನಿ ಅಂದ್ರೂ ನಾನೇ ಬೇಡ ಅಂದೆ." ಇಪ್ಪತ್ತೆಂಟು ವರ್ಷ ಆ ಮನುಷ್ಯ ಮತ್ತೆ ಮರ ಮುಟ್ಟಿಲ್ಲ. ಅವರ ಮಗಳು ನನಗೆ ನೀರು ಕೂಡ ಕೊಡಲಿಲ್ಲ. ಅದು ಸರಿಯೇ.

ನಾನು ಬರುತ್ತೇನೆ ಎಂದು ಕಾಯಬೇಡ. ನನ್ನನ್ನು ನಾನು ಬಲ್ಲೆ. ಎದುರಿಗೆ ಬಂದರೆ ನಿನ್ನ ಕೈ ಹಿಡಿದು ಸುಮ್ಮನಿರಿಸಿಬಿಡುತ್ತೇನೆ. ಚೀಟಿಯನ್ನು ಬ್ಯಾಗಿನಿಂದ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋಗು. ತಪ್ಪಿನಲ್ಲಿ ನನ್ನ ಪಾಲು ಎಷ್ಟೆಂದು ಹೇಳು, ನನ್ನ ವಿಳಾಸ ಕೊಡು. ಏನಾಗುತ್ತದೋ ನನಗೂ ಗೊತ್ತಿಲ್ಲ.

ಆ ಎಲೆಕ್ಟ್ರಿಷಿಯನ್ ಈಗಲೂ ಮನಸ್ಸಿನಲ್ಲಿ ಒಂದೊಂದೇ ಸ್ಕ್ರೂ ಬಿಗಿದು ನೋಡುತ್ತಿರುತ್ತಾನೆ. ಅದರಲ್ಲಿ ಒಂದು ಸಡಿಲವಿತ್ತು ಎಂದು ಅವನಿಗೆ ನೆನಪಾಗುವ ಮೊದಲು ಹೋಗು.

ಅಮ್ಮ